ಷಡ್ಡಕರ ಮಡಚುವ ಫೋನು, ನನ್ನ ಹೆಬ್ಬೆರಳು

ನನ್ನ ಷಡ್ಡಕರು ನನ್ನನ್ನು ಮೊದಲು ನೋಡಿದ್ದು ಕಣ್ಣಿನಿಂದಲ್ಲ, ಬೆರಳಿನ ಗೆಣ್ಣಿನಿಂದ!

ಮದುವೆಯ ಚಪ್ಪರದಲ್ಲಿ ಬಾಸಿಂಗ ಕಟ್ಟಿಕೊಂಡು ಗಂಭೀರವಾಗಿ ಕೂತಿದ್ದೆ. ಯಾರೋ ಹಿಂದಿನಿಂದ ಬಂದು, ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರ ಹಾಗೆ ನನ್ನ ಬೆನ್ನಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ತಟ್ಟಿದರು. ತಿರುಗಿ ನೋಡಿದರೆ, ನನ್ನ ಭುಜದ ಹತ್ತಿರ ಕಿವಿ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತ ಒಬ್ಬ ಮನುಷ್ಯ. ಆಮೇಲೆ ಕಣ್ಣು ತೆರೆದು, ನಮ್ಮ ಮಾವನವರಿಗೆ ಮಾತ್ರವಲ್ಲ, ಓಲಗದವರಿಗೂ ಕೇಳಿಸುವಂತೆ ತೀರ್ಪು ಕೊಟ್ಟರು: "ವಿಗ್ರಹಕ್ಕೆ ಆಗಲ್ಲ ಮಾವ. ಮೆಟ್ಲಿಗೆ ಆಗ್ತಾನೆ."

ಅವರು ಶಿವಾರಪಟ್ಟಣದ ಶಿಲ್ಪಿ. ನನ್ನ ಹೆಂಡತಿಯ ಅಕ್ಕನ ಗಂಡ. ಕಲ್ಲನ್ನು ತಟ್ಟಿದಾಗ ಗಂಟೆಯ ಹಾಗೆ ನಾದ ಬಂದರೆ ದೇವರಾಗುತ್ತದೆ, ಡಬ್ ಎಂದರೆ ಮೆಟ್ಟಿಲಾಗುತ್ತದೆ. ನಾದ ಕೇಳಿಯೇ ಇದು ಗಂಡು ಕಲ್ಲು, ಇದು ಹೆಣ್ಣು ಕಲ್ಲು ಎಂದೂ ಹೇಳುತ್ತಾರೆ. ಇದು ಅವರ ವೃತ್ತಿಯ ವಿದ್ಯೆ. ಒಳ್ಳೆಯದೇ. ಆದರೆ ಕಲ್ಲಿಗೆ ಮೀಸಲಾಗಿರಬೇಕಾದ ವಿದ್ಯೆಯನ್ನು ಕಂಡದ್ದಕ್ಕೆಲ್ಲ ಪ್ರಯೋಗಿಸಿದರೆ? ಬಾಗಿಲು ತಟ್ಟುತ್ತಿದ್ದರು, ಒಳಗೆ ಹೋಗಲು ಅಲ್ಲ, ಮರ ಹೇಗಿದೆ ಎಂದು ತಿಳಿಯಲು. ಮಾಲೂರಿನಲ್ಲಿ ನಾನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ಎಲ್ಲರೂ ಊಟಕ್ಕೆ ಕೂತಾಗ ಇವರು ಗೋಡೆ ತಟ್ಟುತ್ತಾ ಹೊರಟರು. ದೇವರ ಮನೆಯ ಪಕ್ಕ ನಿಂತು, "ಇಲ್ಲಿ ಮೇಸ್ತ್ರಿ ಸಿಮೆಂಟು ತಿಂದವ್ನೆ" ಎಂದರು. ಮೇಸ್ತ್ರಿ ಆಗ ನನ್ನ ಪಕ್ಕದ ಎಲೆಯಲ್ಲೇ ಒಬ್ಬಟ್ಟು ತಿನ್ನುತ್ತಿದ್ದ! ನನ್ನ ಹೆಂಡತಿ ಹಲ್ಲಿನ ಸೆಟ್ಟು ಹಾಕಿಸಿಕೊಂಡಾಗ ಅದನ್ನೂ ಇಸಿದುಕೊಂಡು ಉಗುರಿನಿಂದ ತಟ್ಟಿ ನೋಡಿ, "ಗಂಡು ಕಲ್ಲೂ ಅಲ್ಲ, ಹೆಣ್ಣು ಕಲ್ಲೂ ಅಲ್ಲ. ಪ್ಲಾಸ್ಟಿಕ್ಕು" ಎಂದು ವಾಪಸ್ಸು ಕೊಟ್ಟಿದ್ದರು.

ಷಡ್ಡಕ ಎಂಬುದು ವಿಚಿತ್ರ ಸಂಬಂಧ. ರಕ್ತವಿಲ್ಲ, ಸ್ನೇಹವೂ ಇರಬೇಕೆಂದಿಲ್ಲ. ಒಂದೇ ಮಾವನ ಮನೆಯಲ್ಲಿ ಯಾರಿಗೆ ಮರ್ಯಾದೆ ಹೆಚ್ಚು ಎಂಬ ಪರೀಕ್ಷೆಯನ್ನು ಸಾಯುವ ತನಕ ಬರೆಯುವ ಇಬ್ಬರು ವಿದ್ಯಾರ್ಥಿಗಳು, ಅಷ್ಟೆ. ನಮ್ಮ ಮಾವನ ಮನೆ ಸುಗಟೂರಿನಲ್ಲಿ. ರೇಷ್ಮೆ ಸಾಕುವವರು. ನಿಜ ಹೇಳಬೇಕೆಂದರೆ ಹುಳ ಹಣ್ಣಾಗಿ ಗೂಡು ಕಟ್ಟುವ ವೇಳೆಯಲ್ಲಿ ಆ ಮನೆಯಲ್ಲಿ ಇಬ್ಬರು ಅಳಿಯಂದಿರಿಗೂ ಮರ್ಯಾದೆ ಇರುತ್ತಿರಲಿಲ್ಲ, ಹುಳಕ್ಕೇ ಎಲ್ಲ! ಹುಳವಿಲ್ಲದ ದಿನಗಳಲ್ಲಿ ಕೋಳಿಯ ಕಾಲು ಹಿರಿಯ ಅಳಿಯನ ತಟ್ಟೆಗೆ ಬೀಳುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು, ಸರ್ಕಾರಿ ಬಸ್ಸಿನ ಕಂಡಕ್ಟರು, ಖಾಕಿ ಹಾಕಿದವನು. ಅವರು ನಾಲ್ಕನೇ ಕ್ಲಾಸು, ಮೈತುಂಬ ಕಲ್ಲಿನ ಧೂಳು. ಕಾಲು ಅವರಿಗೆ, ಕುತ್ತಿಗೆ ನನಗೆ! ಆ ಕುತ್ತಿಗೆಯ ಸಂಕಟ ನಲವತ್ತು ವರ್ಷ ನನ್ನ ಗಂಟಲಲ್ಲೇ ಉಳಿದಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸಕ್ಕೆ ಬೇರೆ ಕಾರಣ ಹುಡುಕಿದರೂ ನಿಮಗೆ ಸಿಗುವುದಿಲ್ಲ.

ನನ್ನದೊಂದು ಚಾಳಿಯನ್ನೂ ಇಲ್ಲೇ ಹೇಳಬೇಕು. ಮೂವತ್ತು ವರ್ಷ ಟಿಕೆಟ್ ಹರಿದ ಕೈ ಇದು. ಟಿಕೆಟ್ಟನ್ನು ಒಂದು ಸಲ ಈ ಕಡೆ ಮಡಚಿ, ಒಂದು ಸಲ ಆ ಕಡೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದರೆ ಸರ್ರನೆ ನೀಟಾಗಿ ಹರಿದು ಬರುತ್ತದೆ. ಆಮೇಲೆ ಯಂತ್ರ ಬಂತು, ಟಿಕೆಟ್ ತಾನೇ ಹೊರಗೆ ನಾಲಿಗೆ ಚಾಚತೊಡಗಿತು. ನಾನು ರಿಟೈರ್ ಆದೆ, ಹೆಬ್ಬೆರಳು ಮಾತ್ರ ರಿಟೈರ್ ಆಗಲಿಲ್ಲ. ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಮಾತ್ರೆಯ ಚೀಟಿ, ಏನು ಸಿಕ್ಕರೂ ಈ ಕಡೆ, ಆ ಕಡೆ, ಉಗುರು! ಹೋಟೆಲಿನಲ್ಲಿ ದೋಸೆಯನ್ನು ಹಾಗೆ ಮಡಚುವಾಗ ನನ್ನ ಹೆಂಡತಿ, "ಹರೀರಿ, ಹರೀರಿ. ಹಿಂದಿನ ಸೀಟಿನೋರು ಟಿಕೆಟ್ ತಗೊಂಡಿಲ್ಲ" ಎನ್ನುತ್ತಾಳೆ.

ಇನ್ನು ಫೋನಿನ ಪುರಾಣಕ್ಕೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ಷಡ್ಡಕರು ನನ್ನನ್ನು ಕರೆದುಕೊಂಡು ಮಾಲೂರಿನ ಅಂಗಡಿಯೊಂದಕ್ಕೆ ಹೊಸ ಫೋನು ಕೊಳ್ಳಲು ಹೋದರು. ನನ್ನನ್ನು ಕರೆದದ್ದು ನಾನು ಎಸ್ಸೆಸ್ಸೆಲ್ಸಿ ಎಂದು. ಅಂಗಡಿಯವನು ಆರು ಫೋನು ಸಾಲಾಗಿ ಇಟ್ಟ. ಇವರು ಶುರು ಹಚ್ಚಿದರು, ಟಕ್ ಟಕ್ ಟಕ್. ಅಂಗಡಿಯವನು, "ಯಜಮಾನ್ರೇ, ಗಾಜು! ಗಾಜು!" ಎಂದು ಓಡಿ ಬಂದ. ಇವರು ಐದನ್ನು ಪಕ್ಕಕ್ಕೆ ಸರಿಸಿ, ಎರಡೂ ಅಂಚು ಕೆಳಗೆ ಬಾಗಿದ್ದ ಒಂದನ್ನು ಎತ್ತಿಕೊಂಡು ಕೆನ್ನೆ ಸವರಿದ ಹಾಗೆ ಸವರಿದರು.

"ಇದು" ಎಂದರು.

"ಅಣ್ಣಾ, ಅಂಚು ಬಾಗಿದ್ರೆ ಏನುಪಯೋಗ? ಬರೀ ಶೋಕಿ" ಎಂದೆ ನಾನು, ನನ್ನ ವಿದ್ಯೆಗೆ ತಕ್ಕ ಹಾಗೆ.

"ಏಮಪ್ಪಾ, ಐವತ್ತು ವರ್ಷದಿಂದ ದೇವ್ರು ಕೆತ್ತಿದೀನಿ. ದೇವ್ರ ಮೈಮೇಲೆ ಒಂದೇ ಒಂದು ಚಪ್ಪಟೆ ಜಾಗ ತೋರ್ಸು ನೋಡೋಣ. ಚಪ್ಪಟೆಯಾಗಿರೋದೆಲ್ಲ ಚಪ್ಪಡಿ."

"ಮುದ್ದೆ ಗುಂಡಗಿರ್ಬೇಕು, ತಟ್ಟೆ ಚಪ್ಪಟೆ ಇರ್ಬೇಕು ಅಣ್ಣ. ತಟ್ಟೇನೂ ಬಾಗಿದ್ರೆ ಮುದ್ದೆ ಉರುಳ್ಕೊಂಡು ಬೀದಿಗೆ ಹೋಗುತ್ತೆ!"

ಅಂಗಡಿಯವನು ನಕ್ಕ. ನಾನು ಗೆದ್ದೆ ಎಂದುಕೊಂಡೆ. ಅವರು ಆ ಫೋನನ್ನೇ ಕೊಂಡರು.

ಗೆದ್ದದ್ದು ನಾನೇ ಎಂದು ಒಂದೇ ವಾರದಲ್ಲಿ ಗೊತ್ತಾಯಿತು, ಆದರೆ ಶಿಕ್ಷೆಯೂ ನನಗೇ ಆಯಿತು. ಆ ಬಾಗಿದ ಅಂಚಿಗೆ ಅಂಗೈ ತಾಕಿದರೆ ಸಾಕು, ಫೋನು ತನ್ನ ಇಷ್ಟದ ಪ್ರಕಾರ ಯಾರಿಗಾದರೂ ಕರೆ ಮಾಡುತ್ತಿತ್ತು. ಅದರ ಇಷ್ಟ ಯಾವಾಗಲೂ ನಾನೇ! ಊಟಕ್ಕೆ ಕೂತಿದ್ದರೆ ಗಂಟೆ ಬಾರಿಸುತ್ತಿತ್ತು. "ಹಲೋ ಅಣ್ಣ, ಹಲೋ" ಎಂದರೆ ಆ ಕಡೆಯಿಂದ ಉಳಿಯ ಸದ್ದು. ಟಕ್ ಟಕ್, ಟಕ್ ಟಕ್. ಅವರ ಜೇಬಿನಲ್ಲಿ ಫೋನು, ಕೈಯಲ್ಲಿ ಉಳಿ, ಫೋನಿನೊಳಗೆ ನಾನು! ದಿನಕ್ಕೆ ಎರಡು ಮೂರು ಸಲ ನಾನು ಒಂದು ಉಳಿಯ ಜೊತೆ ಮಾತಾಡಿದ್ದೇನೆ. ಒಮ್ಮೆ ಕೇಳಿಯೇಬಿಟ್ಟೆ. "ಏನಣ್ಣಾ, ಅಂಚಿನ ಉಪಯೋಗ ಗೊತ್ತಾಯ್ತಾ?" ಅವರು ಸೋಲಲಿಲ್ಲ. "ನಿನ್ ಯೋಗಕ್ಷೇಮ ವಿಚಾರಿಸೋಕೆ ಮನುಷ್ರಿಗೆ ಮರ್ತೋಗುತ್ತೆ. ಅದಕ್ಕೆ ಮರೆಯಲ್ಲ" ಎಂದರು.

ಇದೆಲ್ಲ ನಗುವಿನ ಕಾಲ. ಆಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು.

ಅಕ್ಕ ಎಂದರೆ ಷಡ್ಡಕರ ಹೆಂಡತಿ, ನನ್ನ ಹೆಂಡತಿಯ ಅಕ್ಕ. ಬಲಗೈ ಹೋಯಿತು, ಬಾಯಿ ಒಂದು ಕಡೆಗೆ ಎಳೆಯಿತು, ಮಾತು ನಿಂತಿತು. ಇಡೀ ಸುಗಟೂರಿಗೆ ಕೇಳಿಸುವ ಹಾಗೆ ನಗುತ್ತಿದ್ದ ಹೆಂಗಸು. ಈಗ ಆಸ್ಪತ್ರೆಯಿಂದ ತಂದು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು, ಅಷ್ಟೆ. ಷಡ್ಡಕರು ಕೆತ್ತನೆಯ ಕೆಲಸವನ್ನು ಹಿಂದಿನ ಶೆಡ್ಡಿನಿಂದ ಜಗಲಿಯ ಮುಂದಕ್ಕೇ ತಂದುಕೊಂಡರು. ಅವರು ಕೆತ್ತುವುದು, ಅಕ್ಕ ನೋಡುವುದು.

ಆ ದಿನಗಳಲ್ಲೇ ಷಡ್ಡಕರ ಮೀಸೆಯಲ್ಲಿ ಒಂದು ಬದಲಾವಣೆ ಕಂಡಿತು. ಎಡಗಡೆಯದು ತುಟಿಯ ಮೇಲೆ, ಬಲಗಡೆಯದು ಕೆನ್ನೆಯ ಕಡೆ! ಗದ್ದದಲ್ಲಿ ಅಲ್ಲಲ್ಲಿ ಕೊಯ್ದ ಗಾಯ. "ಏನಣ್ಣಾ, ವಿಗ್ರಹದ ಮೀಸೆ ಅಳತೆ ಹಿಡಿದು ಕೆತ್ತೋರು ಸ್ವಂತದ್ದು ಹಿಂಗಾ?" ಎಂದು ನಕ್ಕೆ. ಅವರೂ ನಕ್ಕರು. ನನ್ನ ಹಾಸ್ಯ ನನಗೆ ಬಹಳ ಮೆಚ್ಚುಗೆಯಾಗಿ ಮನೆಗೆ ಬಂದು ಮತ್ತೊಮ್ಮೆ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಯಾಕೆ ನಗಲಿಲ್ಲ ಎಂದು ಕೇಳುವ ಬುದ್ಧಿ ನನಗಿರಲಿಲ್ಲ.

ಅದೇ ಸಮಯದಲ್ಲಿ ಅವರು ಬಾಗಿದ ಫೋನನ್ನು ಬಿಟ್ಟು ಕೋಲಾರಕ್ಕೆ ಹೋಗಿ ಮಡಚುವ ಫೋನು ತಂದರು! ಗಾಜಿನ ಪರದೆ ನಡುವೆ ಸೊಂಟ ಬಗ್ಗಿಸುತ್ತದೆ, ಮಡಚಿದರೆ ಎಲೆಯಡಿಕೆ ಡಬ್ಬಿಯಷ್ಟು ಆಗುತ್ತದೆ. ಅದನ್ನು ನೋಡಿದ ದಿನ ನನ್ನ ಗಂಟಲಲ್ಲಿ ಆ ಹಳೆಯ ಕೋಳಿ ಕುತ್ತಿಗೆ ಮೇಲಕ್ಕೆ ಬಂದು ನಿಂತಿತು.

"ಮಡಚೋಕೆ ಕೊಡೆ ಇದೆ, ಚಾಪೆ ಇದೆ. ನಮ್ಮ ವಯಸ್ಸಿಗೆ ಮೊಣಕಾಲೇ ಮಡಚಲ್ಲ, ಫೋನ್ ಮಡಚಿ ಏನಣ್ಣ ಮಾಡೋದು?"

"ಇದು ನಿಲ್ಲುತ್ತೆ ಕಣಪ್ಪ" ಎಂದು ಅವರು ಅದನ್ನು ಅರ್ಧ ತೆರೆದು ಸ್ಟೂಲಿನ ಮೇಲೆ ಇಟ್ಟರು. ಕೆಳಗಿನ ಅರ್ಧ ಮಲಗಿತ್ತು, ಮೇಲಿನ ಅರ್ಧ ಎದ್ದು ಕೂತಿತ್ತು. "ನಾಲ್ಕು ಗಂಟೆಗೆ ಅಕ್ಕತಂಗೀರು ಮಾತಾಡ್ತಾರೆ. ಇವಳ ಕೈಲಿ ಹಿಡಿಯಕ್ಕಾಗಲ್ಲ. ಯಾರೂ ಹಿಡೀಬೇಕಾಗಿಲ್ಲ."

"ಒಂದು ಇಟ್ಟಿಗೆ ಒರಗಿಸಿದ್ರೆ ಯಾವ ಫೋನಾದ್ರೂ ನಿಲ್ಲುತ್ತೆ! ನಮ್ಮನೇಲಿ ಉಪ್ಪಿನಕಾಯಿ ಜಾಡಿಗೆ ಒರಗಿಸ್ತೀವಿ."

ಅವರು ಏನೋ ಹೇಳಲು ಬಾಯಿ ತೆರೆದು, ಅಕ್ಕನ ಕಡೆ ನೋಡಿ, ಸುಮ್ಮನಾದರು. ಮಾತಿನಲ್ಲಿ ಎಂದೂ ಸೋಲದವರು ಸುಮ್ಮನಾದರೆ ಅದು ನನ್ನ ಗೆಲುವು ಎಂದೇ ನಾನು ತಿಳಿದೆ.

ದಿನಾ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಫೋನು ಜಾಡಿಗೆ ಒರಗುತ್ತಿತ್ತು. ನನ್ನ ಹೆಂಡತಿ ಹಲ್ಲು ಹಾಕಿಕೊಂಡು, ಹಣೆಗೆ ಇಟ್ಟುಕೊಂಡು ಕೂರುತ್ತಿದ್ದಳು. ಮಾತು ಇವಳದು, "ಊಂ" ಅಕ್ಕನದು, ಹಿಂದುಗಡೆ ಟಕ್ ಟಕ್ ಷಡ್ಡಕರದು. ಚಿಕ್ಕಂದಿನಲ್ಲಿ ಹಿಪ್ಪುನೇರಳೆ ಸೊಪ್ಪು ತರುವಾಗ ಹಳ್ಳಕ್ಕೆ ಬಿದ್ದದ್ದು, ಹುಳದ ತಟ್ಟೆಯ ಕೆಳಗೆ ಬೆಲ್ಲ ಬಚ್ಚಿಟ್ಟದ್ದು. ದಿನವೂ ಅದೇ ಕಥೆ, ದಿನವೂ ಹೊಸದು. ಕೊನೆಯಲ್ಲಿ ನನ್ನ ಕಡೆಗೆ ಒಂದು ಬಾಣ. "ಭಾವ ನೋಡಿ, ಅಕ್ಕನಿಗೆ ಹೆಂಗೆ ಅನುಕೂಲ ಮಾಡಿದಾರೆ. ನಮ್ಮನೆ ಯಜಮಾನರು ಕೊಟ್ಟಿದ್ದು ಉಪ್ಪಿನಕಾಯಿ ಜಾಡಿ."

ಎಷ್ಟು ದಿನ ಸಹಿಸಲಿ ನೀವೇ ಹೇಳಿ!

ಒಂದು ದಿನ ಸಂಜೆ, ನಾಲ್ಕರ ಕರೆ ಮುಗಿದ ಮೇಲೆ, ಅಕ್ಕನನ್ನು ನೋಡಲು ಒಬ್ಬನೇ ಶಿವಾರಪಟ್ಟಣಕ್ಕೆ ಹೋದೆ. ಷಡ್ಡಕರು ಟೀ ಕಾಸಲು ಒಳಗೆ ಹೋದರು. ಮುಂದೆ ಮುಳಬಾಗಿಲ ಕಡೆಯ ಒಂದು ಹಳ್ಳಿಯವರು ಮಾಡಿಸುತ್ತಿದ್ದ ಅಮ್ಮನವರ ವಿಗ್ರಹ ನಿಂತಿತ್ತು. ಕಣ್ಣೊಂದು ಬಿಟ್ಟು ಎಲ್ಲ ಮುಗಿದಿತ್ತು. ಜಗಲಿಯಲ್ಲಿ ಅಕ್ಕ, ಸ್ಟೂಲಿನ ಮೇಲೆ ಫೋನು, ಎದುರಿಗೆ ನಾನು.

ಕೈಗೆತ್ತಿಕೊಂಡೆ. ಮಡಚಿದೆ, ತೆರೆದೆ. ಮಡಚಿದೆ, ತೆರೆದೆ. ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆಗ ನನ್ನ ಎಸ್ಸೆಸ್ಸೆಲ್ಸಿ ಮೆದುಳಿಗೆ ಒಂದು ಪ್ರಶ್ನೆ ಹೊಳೆಯಿತು. ನಿಜವಾಗಿ ಬಾಗುವ ವಸ್ತುವಾದರೆ ಎರಡೂ ಕಡೆಗೆ ಬಾಗಬೇಕಲ್ಲವೇ? ಒಂದೇ ಕಡೆಗೆ ಬಾಗುವುದಾದರೆ ಅದು ಶೋಕಿಯಲ್ಲದೆ ಮತ್ತೇನು? ಪ್ರಶ್ನೆ ಮೆದುಳಿನದು. ಉತ್ತರ ಹುಡುಕಿದ್ದು ಹೆಬ್ಬೆರಳು. ಈ ಕಡೆ ಮಡಚಿತು, ಮಡಿಕೆಯ ಮೇಲೆ ಉಗುರು ಎಳೆಯಿತು, ಆ ಕಡೆಗೂ ಮಡಚಿತು.

ಕಟಕ್!

ಮೂವತ್ತು ವರ್ಷದಲ್ಲಿ ಯಾವ ಟಿಕೆಟ್ಟೂ ಮಾಡದ ಸದ್ದು. ಪರದೆಯ ನಡುವೆ ಒಂದು ಕಪ್ಪು ಗೆರೆ ಓಡಿತು, ಕೆಳಗಿನ ಅರ್ಧ ಕತ್ತಲಾಯಿತು. ಕೀಲು ಸತ್ತ ಕೋಳಿಯ ಕತ್ತಿನ ಹಾಗೆ ಜೋತುಬಿತ್ತು. (ನೋಡಿದಿರಾ, ಮತ್ತೆ ಕತ್ತು!) ತಲೆ ಎತ್ತಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು.

ಅಕ್ಕ ನೋಡಿದ್ದರು. ಆದರೆ ಅಕ್ಕನಿಗೆ ಮಾತು ಬರುವುದಿಲ್ಲ.

ಈ ಎರಡು ವಾಕ್ಯಗಳ ನಡುವೆ ನಾನು ಎಷ್ಟು ಬೇಗ ಓಡಾಡಿಬಿಟ್ಟೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಫೋನನ್ನು ಮೆಲ್ಲಗೆ ಮುಚ್ಚಿ ಸ್ಟೂಲಿನ ಮೇಲಿಟ್ಟೆ. ಟೀ ಬಂತು, ಕುಡಿದೆ. "ಚೆನ್ನಾಗಿದೆ ಅಣ್ಣ, ಇನ್ನೊಂದ್ ಲೋಟ ಇದೆಯಾ?" ಎಂದೂ ಕೇಳಿದೆ! ಇನ್ನೊಂದು ಲೋಟ ಕುಡಿದು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಷಡ್ಡಕರ ಕರೆ ಬಂತು. ಹಳೆಯ ಬಾಗಿದ ಫೋನಿನಿಂದ. ಈ ಸಲ ಅಂಗೈ ತಾಕಿ ಬಂದ ಕರೆಯಲ್ಲ.

"ಫೋನ್ ಹೋಯ್ತು ಕಣಪ್ಪ. ಮಧ್ಯಕ್ಕೆ ಸೀಳಿಬಿಟ್ಟಿದೆ. ಯಾಕೋ ಗೊತ್ತಾಗ್ತಿಲ್ಲ."

ನನ್ನ ಬಾಯಿ ತೆರೆಯಿತು. "ಕಲ್ಲಿನ ಧೂಳು ಕೀಲೊಳಗೆ ಹೋಗಿರ್ಬೇಕು ಅಣ್ಣ" ಎಂದಿತು.

"ಹಂಗೇ ಇರ್ಬೇಕು" ಎಂದರು. ಆಮೇಲೆ ಕೋಲಾರದ ಅಂಗಡಿಯವನನ್ನು ಧೂಳೇ ಕಾರಣವೇ ಎಂದು ಕೇಳಿದಾಗ ಅವನೂ ಇರಬಹುದು ಎಂದನಂತೆ. ಬೇರೆ ಪರದೆ, ಬೇರೆ ಕೀಲು ಬೆಂಗಳೂರಿನಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದನಂತೆ.

ಆಮೇಲೆಯೂ ನಾಲ್ಕು ಗಂಟೆಯ ಕರೆ ನಡೆಯುತ್ತಿತ್ತು. ಅರ್ಧ ಪರದೆಯಲ್ಲಿ ಅಕ್ಕನಿಗೆ ತಂಗಿಯ ಹಣೆಯೂ ಕಣ್ಣೂ ಮಾತ್ರ ಕಾಣುತ್ತಿತ್ತಂತೆ. ನನ್ನ ಹೆಂಡತಿ ಹಲ್ಲು ಹಾಕಿಕೊಳ್ಳುವುದನ್ನು ಬಿಟ್ಟಳು. "ಕಾಣದ ಬಾಯಿಗೆ ಹಲ್ಲು ಯಾಕೆ?" ಎಂದಳು. ನಾನು ನಕ್ಕೆ. ಎಲ್ಲ ಹೇಗೋ ಸರಿಹೋಗುತ್ತಿದೆ ಎಂದುಕೊಂಡೆ. ತಪ್ಪು ಮಾಡಿದವನಿಗೆ ಇರುವಷ್ಟು ಭರವಸೆ ಇನ್ಯಾರಿಗೂ ಇರುವುದಿಲ್ಲ.

ಒಂದು ವಾರ ಕಳೆದಿರಬೇಕು. ಕರೆ ಮುಗಿದ ಮೇಲೆ ಅವಳು ಜಾಡಿಯ ಮುಂದೆಯೇ ಕೂತಿದ್ದಳು.

"ಟಕ್ ಟಕ್ ಕೇಳಿಸ್ತಿಲ್ಲ ಕಣ್ರೀ."

"ಯಾವ ಟಕ್ ಟಕ್?"

"ಭಾವನ ಉಳಿ. ಕೆಲಸ ಬಿಟ್ಟುಬಿಟ್ಟವ್ರಂತೆ. ನನ್ ಧೂಳಿಂದ ಅವಳ ಫೋನ್ ಹೋಯ್ತು, ಇನ್ನು ಅವಳ ಹತ್ರ ಉಳಿ ಮುಟ್ಟಲ್ಲ ಅಂತ. ಉಳಿ, ಸುತ್ತಿಗೆ ಎಲ್ಲ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದವ್ರೆ. ಮುಳಬಾಗಿಲಿನೋರು ಬಂದು ಕೇಳಿದ್ರೆ ಕಣ್ಣು ಬೇರೆಯೋರ ಹತ್ರ ಇಡಿಸ್ಕೊಳ್ಳಿ ಅಂದ್ರಂತೆ."

"ಅಕ್ಕ ಏನಂತಾರೆ?"

"ಅಕ್ಕ ಏನಂತಾಳೆ! ಮುಖ ಆ ಕಡೆ ತಿರುಗಿಸ್ಕೊಂಡು ಕೂತಿರ್ತಾಳೆ. ಮೊದ್ಲಾದ್ರೆ ಸಾಕು ಅನಿಸಿದ್ರೆ, ಅಳು ಬಂದ್ರೆ, ಎಡಗೈಲಿ ಟಪ್ ಅಂತ ತಾನೇ ಮುಚ್ಚಿಬಿಡ್ತಿದ್ಲು. ಮುಚ್ಚಿದ್ರೆ ಕಟ್ ಆಗ್ತಿತ್ತು. ಅದಕ್ಕೇ ಭಾವ ಅದನ್ನ ಹುಡುಕಿ ತಂದಿದ್ದು. ಮಾತಾಡಕ್ಕಾಗದೋಳಿಗೆ ಸಾಕು ಅನ್ನೋಕಾದ್ರೂ ಒಂದು ದಾರಿ ಬೇಡ್ವಾ ಅಂತ. ಈಗ ಭಾವ ಎರಡು ಕೈಲೂ ಹಿಡ್ಕೊಂಡು ನಿಂತಿರ್ತಾರೆ. ಹಿಡಿದಿರೋ ಕೈನ ಹೆಂಗೆ ಮುಚ್ತಾಳೆ?"

ಆ ದಿನ ಷಡ್ಡಕರು ಅಕ್ಕನ ಕಡೆ ನೋಡಿ ಸುಮ್ಮನಾದದ್ದು ಯಾಕೆಂದು ನನಗೆ ತಿಳಿಯಿತು. ಅಕ್ಕನ ಮುಂದೆ ಹೇಳುವ ಮಾತಲ್ಲ ಅದು. ಇಟ್ಟಿಗೆಯೂ ಜಾಡಿಯೂ ಫೋನನ್ನು ನಿಲ್ಲಿಸುತ್ತವೆ. ಮುಚ್ಚುವುದಿಲ್ಲ.

ಮರುದಿನ ಮಧ್ಯಾಹ್ನ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಾ ಹೋದೆ. ಟೇಕಲ್ ಬರುವ ಹೊತ್ತಿಗೆ ಧೈರ್ಯ ಮುಗಿದು ಇಳಿದೇಬಿಟ್ಟೆ! ಮೂವತ್ತು ವರ್ಷ "ಇಳೀರಿ, ಇಳೀರಿ, ಬೇಗ" ಎಂದು ಊರವರನ್ನೆಲ್ಲ ಇಳಿಸಿದ ನಾನು, ಇಳಿಯಬಾರದ ಕಡೆ ಇಳಿದು, ಒಂದು ವಡೆ ತಿಂದು, ಬೆಟ್ಟ ನೋಡುತ್ತಾ ನಿಂತಿದ್ದೆ. ಮುಂದಿನ ಬಸ್ಸು ಬಂದಾಗ ಹತ್ತಲೋ ಬೇಡವೋ ಎಂದು ನಿಂತೇ ಇದ್ದೆ. ಕಂಡಕ್ಟರು, "ತಾತ, ಬರೋದಾದ್ರೆ ಬಾ, ಇಲ್ದಿದ್ರೆ ದಾರಿ ಬಿಡು" ಎಂದ. ನನ್ನದೇ ಮಾತು, ನನ್ನದೇ ರಾಗ. ಹತ್ತಿದೆ.

ನಾನು ಹೋಗುವ ಹೊತ್ತಿಗೆ ನಾಲ್ಕಾಗುತ್ತಾ ಬಂದಿತ್ತು. ಜಗಲಿ ಗುಡಿಸಿ, ಒರೆಸಿ, ಆಸ್ಪತ್ರೆಯಷ್ಟು ಚೊಕ್ಕವಾಗಿತ್ತು. ಆ ಮನೆಯ ಅಂಗಳದಲ್ಲಿ ಕಲ್ಲಿನ ಪುಡಿ ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮನವರ ವಿಗ್ರಹದ ಮುಖಕ್ಕೆ ಒಂದು ಟವೆಲ್ಲು ಸುತ್ತಿತ್ತು. ಷಡ್ಡಕರು ಫೋನು ಹಿಡಿದು ಅಕ್ಕನ ಎದುರು ನಿಲ್ಲಲು ಸಿದ್ಧವಾಗುತ್ತಿದ್ದರು.

"ಬಾರಪ್ಪ, ಟೀ ಕುಡೀತೀಯಾ? ಹೋದ್ಸಲ ಎರಡು ಲೋಟ ಕುಡಿದೆ."

ಬಾಯಿಪಾಠ ಮಾಡಿದ್ದೆಲ್ಲ ಅಲ್ಲೇ ಮರೆತುಹೋಯಿತು.

"ಅಣ್ಣಾ, ಧೂಳಲ್ಲ. ನಾನು."

"ಏನು ನೀನು?"

"ಫೋನು. ಹಿಂದಕ್ಕೆ ಮಡಚಿದೆ. ಟಿಕೆಟ್ ಥರ. ಧೂಳು ಅಂದಿದ್ದೂ ನಾನೇ. ಹೊಟ್ಟೆಕಿಚ್ಚು ಅಣ್ಣ. ಅಕ್ಕ ನೋಡಿದ್ರು. ಅಕ್ಕನಿಗೆ ಮಾತು ಬರಲ್ಲ ಅಂತ… ಅದೇ ಧೈರ್ಯದ ಮೇಲೆ ಟೀ ಕುಡ್ದೆ."

ಷಡ್ಡಕರು ಅಕ್ಕನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತೇನೇ?"

ಅಕ್ಕ ಎಡಗೈ ಎತ್ತಿದರು. ನನ್ನ ಕಡೆ ಬೆರಳು ತೋರಿಸುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಬೆರಳು ತೋರಿಸಲಿಲ್ಲ. ತೆರೆದಿದ್ದ ಅಂಗೈಯನ್ನು ಮಡಚಿ ಮುಚ್ಚಿದರು, ಟಪ್ ಎಂದು. ಆ ಫೋನು ಮುಚ್ಚುತ್ತಿದ್ದ ಹಾಗೆಯೇ. ಸಾಕು, ಮುಗಿಯಿತು.

ಷಡ್ಡಕರು ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅಟ್ಟದ ಮೇಲೆ ಗೋಣಿಚೀಲ ಎಳೆದ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಅಕ್ಕನ ಕಣ್ಣು ಆ ಸದ್ದಿನ ಹಿಂದೆಯೇ ಮನೆಯೆಲ್ಲ ಓಡಾಡಿತು.

ಹೊರಗೆ ಬಂದವರು ವಿಗ್ರಹದ ಮುಖದ ಟವೆಲ್ಲು ತೆಗೆದರು. "ಸರಿಪೋಯಿಂದಿ" ಎಂದರು, ಸರಿಹೋಯ್ತು ಎಂದು ತೆಲುಗಿನಲ್ಲಿ, ನನಗೋ ದೇವರಿಗೋ ಗೊತ್ತಿಲ್ಲ. "ಗೆರೆ ಒಂದಿದೆ, ಇವತ್ತು ಎಳೆದುಬಿಡ್ತೀನಿ. ದೇವ್ರು ಕಣ್ಣು ಬಿಟ್ರೆ ಮೊದಲನೇ ನೋಟ ಮನುಷ್ರ ಮೇಲೆ ಬೀಳಬಾರ್ದು. ಎದುರಿಗೆ ಕನ್ನಡಿ ಬೇಕು."

"ಎಲ್ಲಿದೆ ಅಣ್ಣ, ತರ್ತೀನಿ."

"ಮನೇಲಿ ಕನ್ನಡಿ ಇಲ್ಲಪ್ಪ."

"ಇಲ್ವಾ?"

ಅವರು ಅಕ್ಕನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು. "ಇವಳು ಆಸ್ಪತ್ರೆಯಿಂದ ಬರೋ ಮೊದಲೇ ಎಲ್ಲ ಇಳಿಸಿಬಿಟ್ಟೆ. ಬಾಯಿ ಹಂಗಾಗಿರೋದು ನೋಡ್ಕೋಬಾರ್ದು ಅಂತ."

ಅವರ ಮೀಸೆ ನೋಡಿದೆ. ಎಡಗಡೆಯದು ತುಟಿಯ ಮೇಲೆ, ಬಲಗಡೆಯದು ಕೆನ್ನೆಯ ಕಡೆ. ಎರಡು ವರ್ಷದಿಂದ ಕನ್ನಡಿ ಇಲ್ಲದೆ ಕ್ಷೌರ ಮಾಡಿಕೊಂಡ ಮುಖ. ನಾನು ನಕ್ಕಿದ್ದ ಮುಖ.

"ಆ ಫೋನೇ ಹಿಡಿ" ಎಂದರು. "ಸತ್ತಿರೋ ಅರ್ಧ ಕಪ್ಪಗೆ ಹೊಳೀತಿದೆ ನೋಡು. ಅದು ಕನ್ನಡಿ. ಅಮ್ಮನ ಮುಖದ ನೇರಕ್ಕೆ ಹಿಡಿ, ಅಲ್ಲಾಡ್ಬೇಡ."

ಆಗಲೇ ನಾಲ್ಕು ಹೊಡೆದು ನನ್ನ ಹೆಂಡತಿಯ ಕರೆ ಬರಬೇಕೇ! ಹಿಡಿದಿದ್ದ ನನ್ನ ಬೆರಳು ತಾಗಿ ಕರೆ ತೆರೆದುಕೊಂಡಿತು, ಜೀವವಿದ್ದ ಅರ್ಧದಲ್ಲಿ ಅವಳ ಹಣೆ ಮೂಡಿತಂತೆ. ಅಕ್ಕನ ಬದಲು ಕಲ್ಲು ಕಂಡು ಗಾಬರಿಯಾಗಿ, "ಭಾವ, ಇದೇನಿದು? ಅಕ್ಕ ಎಲ್ಲಿ?" ಎಂದು ಬೊಚ್ಚುಬಾಯಲ್ಲಿ ಕೂಗಿದಳು.

"ಶ್! ಸುಮ್ನಿರೇ" ಎಂದೆ ಫೋನಿನ ಹಿಂದಿನಿಂದ.

ಟಕ್. ಟಕ್ ಟಕ್. ಉಳಿಯ ತುದಿ ಅಕ್ಕಿಕಾಳಿನಷ್ಟೇ ಸರಿಯುತ್ತಿತ್ತು. ನನ್ನ ತೋಳು ನೋಯತೊಡಗಿತು. ಅಲ್ಲಾಡಲಿಲ್ಲ. ಘಾಟಿಗಳಲ್ಲಿ, ಹೊಂಡಗಳಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ನಿಂತ ಕಾಲುಗಳು ಇವು, ಆ ಒಂದು ಗುಣವಾದರೂ ಉಪಯೋಗಕ್ಕೆ ಬಂತು. ನನಗೆ ಏನೂ ಕಾಣುತ್ತಿರಲಿಲ್ಲ. ಫೋನಿನೊಳಗಿಂದ ನನ್ನ ಹೆಂಡತಿ ಅಳುತ್ತಾ ನಗುತ್ತಾ ಹೇಳಿದ್ದಷ್ಟೇ ಕೇಳಿಸಿತು. "ಅಯ್ಯೋ, ಅಮ್ಮ ಕಣ್ಣು ಬಿಟ್ಲು ಕಣ್ರೀ! ನನ್ನೇ ನೋಡ್ತವ್ಳೆ! ಹಲ್ಲು ಹಾಕ್ಕೊಂಡಿಲ್ಲ ನಾನು!"

ದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಎಂಬ ಶಾಸ್ತ್ರ ನನ್ನ ಹೆಂಡತಿಯಿಂದಾಗಿ ಅರ್ಧ ಕೆಟ್ಟಿತು. ಷಡ್ಡಕರು ಮಾತ್ರ, "ಅರ್ಧ ತಾನೇ, ನಡೆಯುತ್ತೆ" ಎಂದು ಉಳಿ ಕೆಳಗಿಟ್ಟರು.

ಪರದೆಯನ್ನೂ ಕೀಲನ್ನೂ ನನ್ನ ಖರ್ಚಿನಲ್ಲೇ ತರಿಸುತ್ತೇನೆ ಎಂದೆ. "ತರ್ಸು" ಎಂದರು. "ಅದು ಬರೋವರೆಗೂ ನಾಲ್ಕು ಗಂಟೆಗೆ ನೀನು ಬಂದು ಹಿಡ್ಕೊಂಡು ನಿಂತ್ಕೋ. ನಂಗೆ ಕೆಲಸ ಇದೆ." ಹಾಗೆಂದು ನನ್ನ ಬೆನ್ನ ಹಿಂದೆ ಬಂದರು. ಟಕ್ ಟಕ್ ಟಕ್. ಕಿವಿ ಹತ್ತಿರ ತಂದರು. ಎಪ್ಪತ್ತು ದಾಟಿದ ನನಗೆ ಎದೆ ಹೊಡೆದುಕೊಂಡಿತು, ಮದುವೆಯ ಚಪ್ಪರದಲ್ಲಿ ಹೊಡೆದುಕೊಂಡಿದ್ದಕ್ಕಿಂತ ಹೆಚ್ಚಾಗಿ.

"ಮೆಟ್ಲು ಅಂದಿದ್ದು ತಪ್ಪಾಯ್ತು" ಎಂದರು. "ಪೀಠಕ್ಕೆ ಆಗ್ತೀಯ."

ಬಾಗುವ ಪರದೆ, ಮಡಚುವ ಪರದೆ ಉಪಯೋಗವೋ ಶೋಕಿಯೋ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಯಾರ ಕೈಗೆ ಎಂದು ಮೊದಲು ಕೇಳುತ್ತೇನೆ. ಕೋಲಾರದ ಅಂಗಡಿಯವನು ಕೀಲು ಮುಂದಿನ ವಾರ ಬರುತ್ತದೆ ಎಂದು ಮೂರು ತಿಂಗಳಿನಿಂದ ಹೇಳುತ್ತಿದ್ದಾನೆ. ನಾನು ದಿನಾ ಎರಡೂವರೆಯ ಬಸ್ಸು ಹತ್ತುತ್ತೇನೆ. ಅಕ್ಕನ ಎದುರು ಫೋನು ಹಿಡಿದು ನಿಲ್ಲುತ್ತೇನೆ. ಅಕ್ಕ ಅಂಗೈ ಮುಚ್ಚಿ ತೋರಿಸಿದರೆ ಆ ಕ್ಷಣವೇ ಕಟ್ ಮಾಡುತ್ತೇನೆ, ನನ್ನ ಹೆಂಡತಿ ಕಥೆಯ ನಡುವೆ ಇದ್ದರೂ ಸರಿಯೇ! ಆ ಫೋನು ಮಾಡುತ್ತಿದ್ದ ಕೆಲಸ ಅಷ್ಟೇ ತಾನೇ.

ಮೊನ್ನೆ ಕರೆ ಮುಗಿದಿತ್ತು. ಷಡ್ಡಕರು ಹೊಸ ಕಲ್ಲಿನ ಮೇಲೆ ಉಳಿಯಲ್ಲಿ ಗೆರೆ ಹಾಕುತ್ತಿದ್ದರು. ನಾನು ಫೋನು ಹಿಡಿದ ಹಾಗೆಯೇ, ಅಭ್ಯಾಸಬಲದಿಂದ ನಿಂತಿದ್ದೆ. ಅಕ್ಕನ ತುಟಿ ಎಡಕ್ಕೆ ಎಳೆದು, ನಡುಗಿ, ಮತ್ತೆ ಎಳೆಯಿತು. ಏನೋ ಬೇಕಿರಬೇಕೆಂದು ಬಗ್ಗಿದೆ. ಎರಡು ವರ್ಷದಲ್ಲಿ "ಊಂ" ಬಿಟ್ಟು ಬೇರೇನೂ ಬಾರದಿದ್ದ ಬಾಯಿಂದ, ಒಂದೊಂದೇ ಅಕ್ಷರವಾಗಿ, ಒಂದು ಮಾತು ಬಂತು.

"ಕೂ… ತ್ಕೋ."

ಉಳಿಯ ಸದ್ದು ನಿಂತಿತು. ಷಡ್ಡಕರು ತಲೆ ಎತ್ತಲಿಲ್ಲ. ಕಲ್ಲಿನ ಮೇಲೆ ಕೈ ಊರಿಕೊಂಡು ಹಾಗೆಯೇ ಇದ್ದರು.

ಮೂವತ್ತು ವರ್ಷ ತುಂಬಿದ ಬಸ್ಸುಗಳಲ್ಲಿ ನಿಂತವನು ನಾನು. ಯಾರೂ ನನಗೆ ಹಾಗೆಂದಿರಲಿಲ್ಲ. ಅಕ್ಕನ ಕುರ್ಚಿಯ ಪಕ್ಕ, ಮೆಟ್ಟಿಲ ಮೇಲೆ, ಕೂತುಕೊಂಡೆ.